ಹಾಯಿದೋಣಿಗೆ ಕೊಟ್ರಬಸಪ್ಪ ಕೊಟ್ಟ ಸೋಲಾರ್

ಗಂಗಾವತಿಯಲ್ಲಿ ಅಕ್ಕಿ ಮಾರದ ವ್ಯಾಪಾರಿಯನ್ನು ಜನ ಒಂದಿಷ್ಟು ಕನಿಕರದಿಂದಲೇ ನೋಡುತ್ತಾರೆ. ಕೊಟ್ರಬಸಪ್ಪನಿಗೆ ಆ ಕನಿಕರ ರೂಢಿಯಾಗಿತ್ತು. ಮನೆತನದವರೆಲ್ಲ ಮಿಲ್ಲು, ದಲಾಲಿ ಎಂದು ತೌಡಿನ ಧೂಳಿನಲ್ಲಿ ಬೆಳ್ಳಗಾಗಿ ತಿರುಗುವಾಗ, ಇವನೊಬ್ಬ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬ್ಯಾಟರಿ, ಇನ್ವರ್ಟರ್, ಸೋಲಾರ್ ಇಟ್ಟುಕೊಂಡು ಕೂತಿದ್ದ.

"ದೇವರು ಪುಕ್ಕಟೆ ಕೊಟ್ಟ ಬಿಸಲನ್ನ ಮಾರಾಕ ಕುಂತಿಯಲ್ಲೋ," ಎಂದು ಹಿರಿಯಣ್ಣ ಹಂಗಿಸಿದರೆ, "ಹೌದಣ್ಣ, ನೀ ಅಕ್ಕಿಯೊಳಗ ಹಾಕಿ ಮಾರೋ ಹರಳೂ ಅವನ ಕೊಟ್ಟಿದ್ದು," ಎಂದು ಇವನು ಹೇಳಿ ಚಹಾ ತರಿಸುತ್ತಿದ್ದ. ಇಬ್ಬರೂ ನಗುತ್ತ ಕುಡಿಯುತ್ತಿದ್ದರು, ಇಬ್ಬರಿಗೂ ಮಾತು ನಾಟಿರುತ್ತಿತ್ತು.

ಅವನ ಗಿರಾಕಿಗಳೆಲ್ಲ ಕತ್ತಲೆಯ ಗಿರಾಕಿಗಳು. ಯಲಬುರ್ಗಾ, ಕುಷ್ಟಗಿ ಕಡೆಯ ಮೆಕ್ಕೆಜೋಳದ ಹೊಲಗಳಿಗೆ ಹಂದಿ ನುಗ್ಗುವುದು ರಾತ್ರಿ, ಬೇಲಿಗೆ ಝಟಕಾ ಬೇಕಾದದ್ದು ರಾತ್ರಿ. ಸಿದ್ದಾಪುರದ ಕಡೆ ಭತ್ತದ ರಾಶಿ ಕಾಯುವವರಿಗೆ ದೀಪ ಬೇಕಾದದ್ದೂ ರಾತ್ರಿಯೇ. ಸೋಲಾರಿನ ಪ್ಲೇಟಿಗೂ ಬ್ಯಾಟರಿಗೂ ನಡುವೆ ಅಂಗೈಯಗಲದ ಒಂದು ಡಬ್ಬಿ ಕೂರುತ್ತದೆ. ಚಾರ್ಜ್ ಕಂಟ್ರೋಲರ್ ಎಂದು ಅದರ ಹೆಸರು. ಬ್ಯಾಟರಿಗೆ ಎಷ್ಟು ತುಂಬಬೇಕು, ಅದರಿಂದ ಯಾವಾಗ ಕರೆಂಟು ಹೊರಗೆ ಬಿಡಬೇಕು ಎಂದು ನೋಡಿಕೊಳ್ಳುವುದು ಅದರ ಕೆಲಸ. ಕಂಪನಿಯಿಂದ ಬರುವಾಗ ಅದು ಹಗಲೂ ರಾತ್ರಿಯೂ ಬಿಡುವಂತೆಯೇ ಬರುತ್ತದೆ. ಅಂಗಡಿ ತೆರೆದ ಹೊಸದರಲ್ಲಿ ತಳಕಲ್ ಊರಿನ ರೈತನೊಬ್ಬ ಅಂಥ ಡಬ್ಬಿಯನ್ನು ಒಯ್ದು ಹಾಗೆಯೇ ಹಚ್ಚಿದ. ದೀಪ ಹಗಲೆಲ್ಲ ಉರಿದು, ಹಂದಿ ಬರುವ ಹೊತ್ತಿಗೆ ಬ್ಯಾಟರಿ ಮಲಗಿತು. ಆತ ಬಂದು ಅಂಗಡಿಯ ಕಟ್ಟೆಯ ಮೇಲೆ ನಿಂತು ಕೊಟ್ರಬಸಪ್ಪನ ಮನೆತನದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದ. ಅಂದಿನಿಂದ, ಮಾಲು ಬಂದ ಕೂಡಲೇ ಕೊಟ್ರಬಸಪ್ಪ ಕೂತು ಒಂದೊಂದೇ ಡಬ್ಬಿ ಬಿಚ್ಚುತ್ತಿದ್ದ. ಗುಂಡಿ ಒತ್ತಿ ಹಿಡಿದು, ಹೊತ್ತು ಮುಳುಗಿದರೆ ಚಾಲೂ, ಹೊತ್ತು ಹುಟ್ಟಿದರೆ ಬಂದ್ ಎಂದು ಕೂರಿಸಿ ಮತ್ತೆ ಮುಚ್ಚಿಡುತ್ತಿದ್ದ. ತನ್ನ ಅಂಗಡಿಯ ಡಬ್ಬಿಯನ್ನು ಒಯ್ದವನು ತಂತಿ ಸಿಕ್ಕಿಸಿದರೆ ಸಾಕು, ಮತ್ತೇನೂ ಮಾಡಬೇಕಿಲ್ಲ ಎನ್ನುವುದು ಅವನ ಹೆಮ್ಮೆ.

ಇಷ್ಟು ಆರೈಕೆ ಮಾಡಿದ ಡಬ್ಬಿಯನ್ನು ಅವನು ಮಾರುತ್ತಿರಲಿಲ್ಲ, ಕೊಸರು ಕೊಡುತ್ತಿದ್ದ. ಈ ಸೀಮೆಯ ಗಿರಾಕಿ ಗಾಜು ನೋಡಿ ದುಡ್ಡು ಬಿಚ್ಚುತ್ತಾನೆ, ಬ್ಯಾಟರಿಯನ್ನು ಎತ್ತಿ ಭಾರ ನೋಡಿ ಬಿಚ್ಚುತ್ತಾನೆ. ಅಂಗೈಯಗಲದ ಪ್ಲಾಸ್ಟಿಕ್ಕಿಗೂ ಕೊಡು ಎಂದರೆ ಎದ್ದು ಎದುರಿನ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಅದರ ಬೆಲೆಯನ್ನು ಮೊದಲೇ ಪ್ಲೇಟಿನೊಳಗೆ ಸೇರಿಸಿ, ಕೊನೆಗೆ ದೊಡ್ಡ ಮನಸ್ಸು ಮಾಡಿದವನಂತೆ, "ತಗೋ, ಇದು ನನ್ನ ಕಡಿಂದ," ಎಂದು ಮೇಲಿಡುವುದು. ಗಿರಾಕಿ ಗೆದ್ದೆನೆಂದು ಹೋಗುತ್ತಾನೆ. ಪುಕ್ಕಟೆ ಬಂದದ್ದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಕೊಟ್ಟವನೂ ನೋಡುವುದಿಲ್ಲ.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಾಗ ಒಂದು ಬೆಳಿಗ್ಗೆ ಗಂಡಹೆಂಡತಿ ಅಂಗಡಿಗೆ ಬಂದರು. ಅವರಿಗಿಂತ ಮುಂಚೆ ಮೀನಿನ ವಾಸನೆ ಬಂತು. ಗಂಡ ಓಬಳೆಪ್ಪ, ತುಂಗಭದ್ರೆಯ ಹಿನ್ನೀರಿನಲ್ಲಿ ಮೀನು ಹಿಡಿದು ಗಂಗಾವತಿಯ ಸಂತೆಗೆ ತರುವವನು. ಹೆಂಡತಿ ಗಾಳೆಮ್ಮ, ಸಣಕಲು ಹೆಣ್ಣುಮಗಳು, ಮೆಟ್ಟಿಲ ಮೇಲೆಯೇ ಕೂತಳು.

"ಸಾವ್ಕಾರ್ರ, ದೋಣಿಗೆ ಸೋಲಾರ್ ಕೂಡತೈತೇನ್ರಿ?" ಎಂದ ಓಬಳೆಪ್ಪ.

"ದೋಣಿಗೆ? ಮೋಟರ್ ಹಚ್ಚಿ ಓಡಸ್ತೀಯೇನು?"

"ಮೋಟರ್ ಯಾಕ್ರಿ? ಹಾಯಿ ಐತಿ, ಗಾಳಿ ಐತಿ."

"ಹಂಗಾರ ಟೀವಿ ನೋಡಾಕ."

"ನನ್ನ ಸಲುವಾಗಿ ರೀ," ಎಂದಳು ಗಾಳೆಮ್ಮ. ಎಲೆಯಡಿಕೆಯ ಚೀಲದಿಂದ ಒಂದು ಸಣ್ಣ ಸೀಸೆ ತೆಗೆದು ತೋರಿಸಿದಳು. ಸಕ್ಕರೆ ಕಾಯಿಲೆಗೆ ಚುಚ್ಚಿಕೊಳ್ಳುವ ಇನ್ಸುಲಿನ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉಣ್ಣುವ ಮುಂಚೆ ಬೇಕು, ತಂಪಾಗಿಡಬೇಕು. ಇಬ್ಬರಿಗೂ ಹಗಲು ರಾತ್ರಿ ದೋಣಿಯೇ ಮನೆ. ಮೊದಲು ಮೀನಿನ ಬರ್ಫಿನೊಳಗೆ ಹುಗಿದಿಟ್ಟಿದ್ದರು. ಹೆಪ್ಪುಗಟ್ಟಿದರೆ ಔಷಧ ನೀರಾಗುತ್ತದೆ ಎಂದು ಡಾಕ್ಟರ್ ಬೈದರು. ಒದ್ದೆ ಮಣ್ಣಿನ ಗಡಿಗೆಯಲ್ಲಿಟ್ಟರು. ಗಾಳಿಗೆ ದೋಣಿ ಹೊಯ್ದಾಡಿ ಗಡಿಗೆ ಒಡೆಯಿತು. ಈಗ ಬ್ಯಾಟರಿಯ ಮೇಲೆ ನಡೆಯುವ ಒಂದು ಪುಟ್ಟ ತಂಪಿನ ಪೆಟ್ಟಿಗೆ ಕೊಂಡಿದ್ದಾರೆ, ಅದಕ್ಕೆ ಹೊಟ್ಟೆಗೆ ಹಾಕಬೇಕಲ್ಲ.

"ಔಷಧ ಕೆಟ್ಟರ ಹೆಂಗ ಗೊತ್ತಾಗತೈತಿ?" ಎಂದು ಕೇಳಿದ ಕೊಟ್ರಬಸಪ್ಪ.

"ಗೊತ್ತಾಗಂಗಿಲ್ರಿ. ನೋಡಾಕ ನೀರಿನಂಗ ಇರತೈತಿ, ಹಂಗ ಇರತೈತಿ. ನಾ ಕೆಟ್ಟಮ್ಯಾಲ ಅದು ಕೆಟ್ಟಿದ್ದು ಗೊತ್ತಾಗೋದು ಅಂತ ಡಾಕ್ಟರ್‌ಬಾಯಿ ಹೇಳ್ಯಾರ," ಎಂದು ಗಾಳೆಮ್ಮ ನಕ್ಕಳು.

"ದಂಡಿ ಮ್ಯಾಲ ಯಾರದರ ಮನ್ಯಾಗ ಇರಬಾರದೇನವ್ವ?"

"ಬಲಿ ಬಿಡಾಕ ಇಬ್ಬರು ಬೇಕ್ರಿ. ಇವ ಒಬ್ಬನ ಹೋದ್ರ ಹಾಯಿ ಹಿಡಿಯೋನೂ ಇವನ, ಬಲಿ ಜಗ್ಗೋನೂ ಇವನ. ಮೀನು ನಿಂತು ನೋಡಿ ನಗತಾವು."

ಕೊಟ್ರಬಸಪ್ಪನಿಗೆ ಆ ಹೆಣ್ಣುಮಗಳು ಹಿಡಿಸಿದಳು. ಅಷ್ಟಕ್ಕಿಂತ ಹೆಚ್ಚಾಗಿ ಕೆಲಸ ಹಿಡಿಸಿತು. ಇಷ್ಟು ವರ್ಷ ಮಾಳಿಗೆ, ತಗಡು, ಹೊಲದ ಬದು ಎಂದು ಪ್ಲೇಟು ಕೂರಿಸಿದವನಿಗೆ ತಿರುಗುವ ನೆಲ ಹೊಸದು. ಭಾನುವಾರ ತಾನೇ ಮುನಿರಾಬಾದಿನ ಆಚೆ ಹಿನ್ನೀರಿನ ದಂಡೆಗೆ ಹೋದ. ಧೋತ್ರ ಎತ್ತಿ ಕಟ್ಟಿ, ಓಬಳೆಪ್ಪನ ಹೆಗಲು ಹಿಡಿದು ದೋಣಿ ಹತ್ತಿದ. ಹಲಗೆಯ ದೋಣಿ, ನಡುವೆ ಒಂದು ಕಂಬ, ಕಂಬಕ್ಕೆ ಗಂಗಾವತಿಯ ಅಕ್ಕಿ ಚೀಲಗಳನ್ನು ಬಿಚ್ಚಿ ಹೊಲಿದ ಹಾಯಿ. ಹಾಯಿಯ ತುಂಬ ಬೇರೆ ಬೇರೆ ಮಿಲ್ಲುಗಳ ಮುದ್ರೆ. ನಮ್ಮಣ್ಣನ ಅಕ್ಕಿ ನೀರಿನ ಮೇಲೂ ಹೊರಟಿತು ಎಂದುಕೊಂಡ.

ಗಾಳಿ ಬಂದು ಹಾಯಿ ಉಬ್ಬಿದಾಗ ಅದರ ನೆರಳು ದೋಣಿಯ ಅರ್ಧಕ್ಕೆ ಬಿತ್ತು. ದೋಣಿ ತಿರುಗಿದಾಗ ನೆರಳು ಇನ್ನೊಂದು ಮಗ್ಗುಲಿಗೆ ಹಾರಿತು. ಕೊಟ್ರಬಸಪ್ಪ ಬಿಸಿಲಲ್ಲಿ ಕೂತು ಅದನ್ನೇ ನೋಡಿದ. ಒಂದು ದೊಡ್ಡ ಪ್ಲೇಟು ಅಗ್ಗ, ಆದರೆ ಅದರ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಲೇಟು ಮಲಗುತ್ತದೆ. ಗಾಜಿನ ಭಾರವೆಲ್ಲ ಒಂದೇ ಕಡೆ ಕೂತರೆ ದೋಣಿ ವಾಲುತ್ತದೆ. ಬಗ್ಗುವ ತೆಳ್ಳನೆಯ ಪ್ಲೇಟು ಹಗುರ, ಈ ಊರಿನ ಬಿಸಿಲಿಗೆ ಬೇಗ ಬೊಬ್ಬೆ ಏಳುತ್ತದೆ. ಕೊನೆಗೆ ಎರಡು ಸಣ್ಣ ಗಾಜಿನ ಪ್ಲೇಟು, ಎಡಕ್ಕೊಂದು ಬಲಕ್ಕೊಂದು, ಒಂದು ನೆರಳಿಗೆ ಸಿಕ್ಕರೆ ಇನ್ನೊಂದು ದುಡಿಯುವ ಹಾಗೆ ತಂತಿ ಬೇರೆ ಬೇರೆ ಎಳೆಯುವುದು ಎಂದು ನಿಶ್ಚಯಿಸಿದ. ದೋಣಿ ಯಾವ ದಿಕ್ಕಿಗೂ ತಿರುಗುವುದರಿಂದ ಓರೆ ಬೇಡ, ಮಟ್ಟಸವಾಗಿ ಮಲಗಿಸಿದರೆ ಸಾಕು. ಇಷ್ಟನ್ನು ಲೆಕ್ಕ ಹಾಕಿದ ಮೇಲೆ ಅವನಿಗೆ ತನ್ನ ಮೇಲೆಯೇ ಪ್ರೀತಿ ಬಂತು.

"ಓಬಳೆಪ್ಪ, ಇಂಥಾದ್ದು ಹೊಸಪೇಟಿ ಅಂಗಡಿಯವ ಮಾಡಿಕೊಡತಿದ್ದನೇನು?"

"ಅವರು ದೋಣಿ ಅಂದ್ರ ನಗತಾರ್ರಿ."

"ನಾನೂ ನಕ್ಕೆ. ನಕ್ಕಮ್ಯಾಲ ಬಂದೆ."

ಡಬ್ಬಿಯ ಮಾತು ಬಂದದ್ದು ಕೊನೆಗೆ. ದೊಡ್ಡ ಜಾತಿಯ, ಪರದೆಯ ಮೇಲೆ ಅಂಕಿ ತೋರಿಸುವ ಕಂಟ್ರೋಲರುಗಳೂ ಅಂಗಡಿಯಲ್ಲಿದ್ದವು. ಇಷ್ಟು ಸಣ್ಣ ಪ್ಲೇಟಿಗೆ ಅವು ದಂಡ ಎಂದು ಕೊಟ್ರಬಸಪ್ಪ ಪ್ರಾಮಾಣಿಕವಾಗಿಯೇ ಎಣಿಸಿದ. ಅದು ಸುಳ್ಳೂ ಅಲ್ಲ. ಕಪಾಟಿನಿಂದ ಮಾಮೂಲಿ ಡಬ್ಬಿಯೊಂದನ್ನು ತೆಗೆದು, ಅಂಗಡಿಯ ಒಳಗೆ ಬ್ಯಾಟರಿಗೆ ಸಿಕ್ಕಿಸಿ, ತಂಪಿನ ಪೆಟ್ಟಿಗೆ ಗುಂಯ್‌ಗುಡುವುದನ್ನು ಗಂಡಹೆಂಡತಿಗೆ ಕೇಳಿಸಿ, "ಇದು ನಮ್ಮ ಕಡಿಂದ ಕೊಸರು, ಗಾಳೆವ್ವ," ಎಂದ. ಪ್ಲೇಟಿನಿಂದ ಕರೆಂಟು ಬರದಿದ್ದರೆ ಆ ಡಬ್ಬಿಯ ಲೆಕ್ಕದಲ್ಲಿ ಅದು ರಾತ್ರಿ, ಪ್ಲೇಟೇ ಇಲ್ಲದ ಅಂಗಡಿಯ ಒಳಗೂ ರಾತ್ರಿಯೇ. ಅದು ಕರೆಂಟು ಬಿಟ್ಟಿತು.

ದೋಣಿಗೆ ಎಲ್ಲ ಬಿಗಿದು ಮುಗಿಸುವಾಗ ಹೊತ್ತು ಮುಳುಗಿತ್ತು. ಪೆಟ್ಟಿಗೆಯನ್ನು ಮುಂದಿನ ಹಲಗೆಯ ಕೆಳಗೆ ಇಡಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ, ಕೊಟ್ರಬಸಪ್ಪ ಗುರುವಿನಂತೆ ಹೇಳಿದ: "ಹಗಲಿನ್ಯಾಗ ಮುಚ್ಚಳ ತೆಗೀಬ್ಯಾಡ್ರಿ. ತಗದರ ತಂಪು ಹಾರಿ ಹೋಗತೈತಿ."

ಗಾಳೆಮ್ಮ ಆ ಮಾತನ್ನು ದೇವರ ಹರಕೆಯ ಹಾಗೆ ನಡೆಸಿದಳು. ಬೆಳಗಿನ ಸೂಜಿಗೆ ಮುಚ್ಚಳ ತೆಗೆದರೆ ಸೀಸೆ ಮಂಜಿನ ಹಾಗೆ ತಣ್ಣಗಿರುತ್ತಿತ್ತು. ಸಂಜೆ ಕತ್ತಲಾದ ಮೇಲೆ ತೆಗೆದಾಗ ಅಷ್ಟಿಲ್ಲ ಎನಿಸುತ್ತಿತ್ತು. ಬಿಸಿಲಿನ ದಿನ, ಅಷ್ಟಾದರೂ ಇದೆಯಲ್ಲ ಎಂದುಕೊಳ್ಳುತ್ತಿದ್ದಳು. ನಡುವಿನ ಹಗಲಿನಲ್ಲಿ, ಕಲ್ಲು ಕಾದು ಸಿಡಿಯುವ ಹೊತ್ತಿನಲ್ಲಿ, ಗೋಣಿಯ ಕೆಳಗೆ ಏನಾಗುತ್ತಿದೆ ಎಂದು ಯಾರೂ ನೋಡಲಿಲ್ಲ. ನೋಡಬಾರದೆಂದು ಕೊಟ್ರಬಸಪ್ಪ ಹೇಳಿದ್ದನಲ್ಲ.

ಬೇಸಿಗೆ ಕಳೆಯುವ ಮುಂಚೆ ಒಮ್ಮೆ ಓಬಳೆಪ್ಪ ಸಂತೆಯಿಂದ ಅಂಗಡಿಗೆ ಬಂದು ನಿಂತ.

"ಸಕ್ರಿ ಇಳೀವಲ್ದರಿ ಸಾವ್ಕಾರ್ರ. ಅನ್ನ ಬಿಡಿಸ್ಯಾರ, ಸೂಜಿ ಹೆಚ್ಚು ಮಾಡ್ಯಾರ, ಆದ್ರೂ ಏರತೈತಿ. ಕಣ್ಣು ಮಂಜ ಆಗ್ಯಾವಂತ."

"ಪೆಟಿಗಿ ನಡೀತೈತೇನು?"

"ರಾತ್ರಿ ಮುಟ್ಟಿ ನೋಡ್ತೇನ್ರಿ, ಬರ್ಫ್ ಇದ್ದಂಗ ಐತಿ."

"ಮತ್ತ ಪ್ಲೇಟ್ ಒರಸ್ತೀರಿಲ್ಲೊ? ಹಕ್ಕಿ ಹಿಕ್ಕಿ ಬಿದ್ದರ ಒರಸಬೇಕು."

"ದಿನಾ ಒರಸ್ತಾಳ್ರಿ."

ಕೊಟ್ರಬಸಪ್ಪ ಮುಂದಿನ ಗಿರಾಕಿಯ ಕಡೆ ತಿರುಗುತ್ತ ನಕ್ಕ. "ಹಂಗಾರ ತಪ್ಪು ಮಷಿನ್‌ದಲ್ಲ ಬಿಡು. ಗಂಗಾವತಿ ಅಕ್ಕಿ ಹಾಯಿ ಕಟ್ಟಿಕೊಂಡು ತಿರಗಾಕಿ, ಅನ್ನ ಬಿಟ್ಟಿರತಾಳಂತ ಹೆಂಗ ನಂಬತಿ? ಕದ್ದು ಉಣ್ಣತಿರಬೇಕು ನೋಡು."

ಅದು ಗಿರಾಕಿಗೆ ಚಹಾ ಕೊಡುವ ಹಾಗೆ ಕೊಡುವ ಮಾತು. ಅಂಗಡಿಯಲ್ಲಿದ್ದವರು ನಕ್ಕರು. ಓಬಳೆಪ್ಪ ನಗಲಿಲ್ಲ, ಮಾತನ್ನು ಕಟ್ಟಿಕೊಂಡು ದೋಣಿಗೆ ಹೋದ.

ಆಷಾಢದ ಗಾಳಿ ಎದ್ದಾಗ ಅವನು ಮತ್ತೆ ಬಂದ. ಈ ಸಲ ಮೆಟ್ಟಿಲ ಮೇಲೆ ಅವನೊಬ್ಬನೇ ಕೂತ. ಗಾಳೆಮ್ಮನ ಹಿಮ್ಮಡಿಗೆ ಬಲೆಗೆ ಭಾರಕ್ಕೆ ಕಟ್ಟಿದ ಗುಂಡು ತಾಗಿ ಆದ ಸಣ್ಣ ಗಾಯ ಮಾಯಲಿಲ್ಲ, ಕಪ್ಪಾಯಿತು. ಕೊಪ್ಪಳದ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದಾರೆ.

"ದೋಣಿ ಸುಮ್ಮನ ನಿಂತೈತ್ರಿ. ಆ ಸೋಲಾರ್ ಬಿಚ್ಚಿ ಯಾರಿಗರ ಕೊಡ್ರಿ. ಆಕಿ ಇನ್ನ ದೋಣಿ ಏರಂಗಿಲ್ಲ."

ಕೊಟ್ರಬಸಪ್ಪ ಅವನ ಜೊತೆಗೇ ಹೊರಟ. ದಂಡೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು, ಎರಡೂ ಪ್ಲೇಟು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಇಷ್ಟು ಬಿಸಿಲಿಗೆ ಬ್ಯಾಟರಿ ತುಂಬಿ ತುಳುಕುತ್ತಿರಬೇಕು ಎಂದು ಡಬ್ಬಿಯ ಕಡೆ ಬಗ್ಗಿ ನೋಡಿದ. ಬ್ಯಾಟರಿ ತುಂಬಿತ್ತು. ಪೆಟ್ಟಿಗೆಗೆ ಕರೆಂಟು ಹೋಗುವ ಕಡೆಯ ದೀಪ ಆರಿತ್ತು. ಗೋಣಿ ಸರಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಕೈಯಿಟ್ಟ. ಒಲೆಯ ಮಗ್ಗುಲಲ್ಲಿಟ್ಟ ಪಾತ್ರೆಯೊಳಗೆ ಕೈಯಿಟ್ಟ ಹಾಗಾಯಿತು. ಮೂಲೆಯಲ್ಲಿ ಅರ್ಧ ಮುಗಿದ ಒಂದು ಸೀಸೆ ಬಿದ್ದಿತ್ತು, ನೀರಿನ ಹಾಗೆ ತಿಳಿಯಾಗಿ.

ಹೊತ್ತು ಮುಳುಗಿದರೆ ಚಾಲೂ. ಹೊತ್ತು ಹುಟ್ಟಿದರೆ ಬಂದ್. ಈ ಡಬ್ಬಿಗೆ ಹಾಗೆ ಹೇಳಿಕೊಟ್ಟ ಕೈ ಯಾವುದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೆರಳು ನೋಡಿದ್ದ, ಭಾರ ನೋಡಿದ್ದ, ದಿಕ್ಕು ನೋಡಿದ್ದ. ಕೊಸರನ್ನು ನೋಡಿರಲಿಲ್ಲ.

ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಯಿತು. ಒತ್ತಿ ಹಿಡಿದ. ದೀಪ ಹತ್ತಿತು, ಪೆಟ್ಟಿಗೆ ಗುಂಯ್ ಎಂದಿತು.

"ಏನಾಗಿತ್ರಿ?" ಎಂದ ಓಬಳೆಪ್ಪ.

"ಏನಿಲ್ಲೋ. ತಂತಿ ಸಡ್ಲ ಆಗಿತ್ತು. ಈಗೀಗ ಆಗಿರಬೇಕು." ವ್ಯಾಪಾರಿಯ ನಾಲಿಗೆ, ಅದಕ್ಕೆ ಯೋಚಿಸಲು ಪುರುಸೊತ್ತು ಬೇಕಾಗುವುದಿಲ್ಲ.

ಓಬಳೆಪ್ಪ ನೀರಿನ ಕಡೆ ನೋಡಿದ. "ಹಂಗಾರ ನೀವು ಅಂದಿದ್ದ ಖರೇರಿ. ಅನ್ನ ಬಿಟ್ಟಿರಲಿಲ್ಲ ಆಕಿ. ಗವಿಮಠದ ಆಣಿ ಮಾಡಿ ಬಿಟ್ಟೇನಿ ಅಂತಿದ್ಲು. ಸುಳ್ಳ ಆಣಿ ಮಾಡಿದ್ದಕ್ಕ ಕಾಲು ಹೋತು ಅಂತ ನಾ ಈಗೂ ಬೈತೇನಿ."

ಕೊಟ್ರಬಸಪ್ಪ ಏನನ್ನೂ ಬಿಚ್ಚಲಿಲ್ಲ. ಬೋಲ್ಟು ಬಿಚ್ಚುವ ಪಾನಾ ಮರೆತು ಬಂದೆ, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಮನೆಗೆ ಬಂದ. ಊಟಕ್ಕೆ ಕೂತಾಗ ಹೆಂಡತಿ ಶೈಲಜಾ ಅನ್ನ ಬಡಿಸಿದಳು. ಅವನು ಅದನ್ನು ನೋಡುತ್ತ ಕೂತ. ಏನಾಯಿತು ಎಂದು ಆಕೆ ಬಿಡದೆ ಕೇಳಿದಳು, ಹೇಳಿದ.

"ನಾ ಬೇಕಂತ ಮಾಡಿಲ್ಲ," ಎಂದ ಕೊನೆಗೆ.

"ಅದು ಗೊತ್ತೈತಿ. ಡಬ್ಬಿ ಕೊಸರು ಕೊಟ್ಟಿದ್ರಿ. ಈಗ ತಪ್ಪನ್ನೂ ಆಕಿಗೇ ಕೊಸರು ಕೊಡ್ತೀರೇನು?" ಎಂದು ಶೈಲಜಾ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಕೊಪ್ಪಳಕ್ಕೆ ಹೋದ. ಗಾಳೆಮ್ಮ ಗೋಡೆಯ ಕಡೆಯ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಹೊದಿಕೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಓಬಳೆಪ್ಪ ಕೆಳಗೆ ಚಾಪೆಯ ಮೇಲೆ ಕೂತಿದ್ದ.

"ಬರ್ರಿ ಅಣ್ಣಾರ," ಎಂದಳು. "ನೋಡ್ರಿ, ಇಲ್ಲಿ ಅನ್ನನೂ ಹಾಕ್ತಾರ, ಅದ ಸೂಜಿ ಕೊಡ್ತಾರ, ಸಕ್ರಿ ಇಳದೈತಿ. ದೋಣ್ಯಾಗ ರೊಟ್ಟಿ ತಿಂದ್ರೂ ಏರತಿತ್ತು. ಡಾಕ್ಟರಿಗೂ ತಿಳೀವಲ್ತು."

"ನನಗ ತಿಳದೈತಿ," ಎಂದ ಕೊಟ್ರಬಸಪ್ಪ. ನಿಂತೇ ಹೇಳಿದ. ಡಬ್ಬಿಯನ್ನು ರಾತ್ರಿಗೆ ಕೂರಿಸುವ ತನ್ನ ರೂಢಿ, ಹಗಲಲ್ಲಿ ಮುಚ್ಚಳ ತೆಗೆಯಬೇಡಿ ಎಂದ ತನ್ನ ಉಪದೇಶ, ನಿನ್ನೆ ತಂತಿ ಸಡಿಲ ಎಂದ ಸುಳ್ಳು. ಹೇಳುವಾಗ ಮಾತು ಬಹಳ ಸಣ್ಣದಾಯಿತು. ಇಷ್ಟೇನಾ ಎಂದು ಅವನಿಗೇ ಅನಿಸಿತು.

ಗಾಳೆಮ್ಮ ಅವನನ್ನು ನೋಡಲಿಲ್ಲ. ಗಂಡನನ್ನು ನೋಡಿದಳು.

"ಕೇಳಿದಿ?"

ಓಬಳೆಪ್ಪ ತಲೆ ಎತ್ತಲಿಲ್ಲ. "ಆಕಿ ಮ್ಯಾಲ ಕೈ ಮಾಡೇನ್ರಿ ಸಾವ್ಕಾರ್ರ," ಎಂದ ಚಾಪೆಗೆ ಹೇಳುವವನ ಹಾಗೆ. "ಅನ್ನ ಕದ್ದು ತಿಂತಿ ಅಂತ. ಒಮ್ಮೆ ಅಲ್ಲ. ಗಡಿಗಿ ಮೂಸಿ ನೋಡಿ ಹೊಡದೇನಿ."

ಪಕ್ಕದ ಮಂಚದವರು ಈ ಕಡೆ ತಿರುಗಿದರು.

"ಗಾಳೆವ್ವ, ನನಗ ಬೈಯವ್ವ. ಏನರ ಅನ್ನು."

"ಏನನ್ನೋದ್ರಿ. ನೀವು ಹೇಳದಿದ್ರ ನಾ ಸುಳ್ಳಿ ಆಗೇ ಸಾಯತಿದ್ದೆ. ಹೇಳಿದ್ರಿ, ಛಲೋ ಆತು." ಹೊದಿಕೆಯ ತಗ್ಗಿನ ಮೇಲೆ ಕೈಯಾಡಿಸಿದಳು. "ಕಾಲು ಹೋದಮ್ಯಾಲ ಖರೇದಾಕಿ ಆಗಿ ಎಲ್ಲಿಗೆ ನಡೀಲ್ರಿ?"

ದವಾಖಾನೆಯಿಂದ ಬಿಟ್ಟ ಮೇಲೆ ಅವಳು ದಂಡೆಗೆ ಬರಲಿಲ್ಲ. ಸಿದ್ದಾಪುರದಲ್ಲಿ ತಂಗಿ ಅನುಸೂಯಾಳ ಮನೆಗೆ ಹೋದಳು. ಅಲ್ಲಿ ಕರೆಂಟಿನ ಫ್ರಿಜ್ಜು ಇತ್ತು. ಓಬಳೆಪ್ಪ ಒಬ್ಬನೇ ಕೆಲವು ದಿನ ಬಲೆ ಬಿಟ್ಟು ನೋಡಿದ, ಆಗಲಿಲ್ಲ. ದೋಣಿಯನ್ನು ಬಂದ ಬೆಲೆಗೆ ಕೊಟ್ಟು ಗಂಗಾವತಿಯ ಮಿಲ್ಲೊಂದರಲ್ಲಿ ಹಮಾಲಿಗೆ ಸೇರಿದ. ದೀಪಾವಳಿಯ ಹೊತ್ತಿಗೆ ಒಂದು ದಿನ ಕೊಟ್ರಬಸಪ್ಪನ ಅಂಗಡಿಗೆ ಬಂದು, ತಲೆಯ ಮೇಲಿನ ತೌಡು ಕೊಡವಿಕೊಂಡು ನಿಂತ.

"ನಾ ಹೋದ್ರ ಮಾತಾಡವಲ್ಲಳ್ರಿ. ಅನುಸೂಯಾ ಬಾಗಲದಾಗ ನಿಂದರಿಸಿ ನೀರು ಕೊಟ್ಟು ಕಳಸ್ತಾಳ. ನೀವೊಂದು ಮಾತು ಹೇಳಿದ್ರ ಕೇಳ್ಯಾಳು. ನಿಮ್ಮ ಡಬ್ಬಿಯಿಂದ ನನಗ ಹಂಗಾತು ಅಂತ ಹೇಳ್ರಿ."

ಕೊಟ್ರಬಸಪ್ಪನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಹೇಗೂ ಹೊತ್ತ ಭಾರ, ಇನ್ನಷ್ಟು ಹೊತ್ತರೆ ಯಾರಿಗಾದರೂ ಹಗುರಾದೀತು ಎಂದು ಸಿದ್ದಾಪುರದ ಬಸ್ಸು ಹತ್ತಿದ.

ಗಾಳೆಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಮಾತು ಪೂರ್ತಿ ಕೇಳಿದಳು.

"ಅಣ್ಣಾರ," ಎಂದಳು, "ಕಾಲಿನ ಲೆಕ್ಕ ನಿಮ್ದು. ಅದನ್ನ ನೀವು ಒಪ್ಪೀರಿ, ನಾ ಮತ್ತ ಎತ್ತಂಗಿಲ್ಲ. ಆದ್ರ ಅವನ ಕೈ ನಿಮ್ಮ ಡಬ್ಬಿಯೊಳಗಿಂದ ಬಂದಿಲ್ರಿ. ಡಬ್ಬಿ ಸರಿ ಇದ್ದು ನಾ ಖರೇನ ಅನ್ನ ತಿಂದಿದ್ರ, ಹೊಡದದ್ದು ಸರಿ ಆಗತಿತ್ತೇನು? ಅದಕ್ಕ ನೀವು ಜವಾಬು ಹೇಳಾಕ ಬರಬ್ಯಾಡ್ರಿ."

ಅನುಸೂಯಾ ಚಹಾ ತಂದಳು. ಕೊಟ್ರಬಸಪ್ಪ ಕುಡಿದು ಎದ್ದ.

ಗಂಗಾವತಿಯಲ್ಲಿ ಬಸ್ಸಿಳಿದು ಓಣಿಗೆ ತಿರುಗಿದಾಗ ಓಬಳೆಪ್ಪ ಅಂಗಡಿಯ ಮುಂದೆಯೇ ಇದ್ದ. ಆ ದಿನದ ಹಮಾಲಿ ಬಿಟ್ಟು ಬಂದಿದ್ದನೆಂದು ಕಾಣುತ್ತದೆ, ಮೈಮೇಲೆ ಮಡಿ ಅಂಗಿ ಇತ್ತು. ಇವನನ್ನು ಕಂಡು ಎದ್ದು ನಿಂತ. ದಾರಿಯುದ್ದಕ್ಕೂ ಕೊಟ್ರಬಸಪ್ಪ ಹೇಳಬೇಕಾದ್ದನ್ನು ಹೊಂದಿಸಿಕೊಳ್ಳುತ್ತ ಬಂದಿದ್ದ. ಸ್ವಲ್ಪ ದಿನ ಹೋಗಲಿ, ಸಿಟ್ಟು ಇಳಿಯಲಿ, ಹಬ್ಬಕ್ಕೆ ಒಂದು ಸೀರೆ ಒಯ್ಯಿ. ಮಾಲು ಇಲ್ಲದಾಗ ಗಿರಾಕಿಯನ್ನು ನಾಳೆ ಬಾ ಎಂದು ಕಳಿಸುವ ಮಾತುಗಳು. ಅವನ ಹತ್ತಿರ ಅಂಥವು ಎಷ್ಟೋ ಇದ್ದವು.

ಓಬಳೆಪ್ಪ ಅವನ ಮುಖ ನೋಡಿದ. ಗಾಳೆಮ್ಮನ ಜವಾಬು ಅಲ್ಲೇ ಇತ್ತು.

"ಬಿಸಲಾಗ ಬಂದೀರಿ ಸಾವ್ಕಾರ್ರ," ಎಂದ. "ಕುಂದರ್ರಿ. ನೀರು ತರ್ತೇನಿ."